ಕಡಲಿಗೆ ಹೋದ ನೀರು ಪೋಲೇ?



'ಸಮುದ್ರಕ್ಕೆ ಹರಿದು ಪೋಲಾಗುವ ನೀರು' ಎಂಬ ಮಾತು ನಮ್ಮ ತುಮಕೂರು ಸೀಮೆಯಲ್ಲಿ ಗಾದೆಯ ಹಾಗೆ ಆಗಿಬಿಟ್ಟಿದೆ. ಟೌನ್‌ಹಾಲ್ ಮುಂದೆ ಧರಣಿ ಕೂತವನು ಇದನ್ನೇ ಹೇಳುತ್ತಾನೆ. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ನಿಂತವನೂ ಇದನ್ನೇ ಹೇಳುತ್ತಾನೆ. ಬಲದವರು, ಎಡದವರು, ರೈತಸಂಘದವರು, ನಮ್ಮವರು, ಯಾರೂ ಇದಕ್ಕೆ ಹೊರತಲ್ಲ. ನಾನೂ ಹೇಳಿದ್ದೇನೆ. ಕುಣಿಗಲ್ಲಿನ ಒಂದು ಸಭೆಯಲ್ಲಿ ಮೈಕು ಹಿಡಿದು, ಕೈ ಎತ್ತಿ ಹೇಳಿ, ಚಪ್ಪಾಳೆ ಗಿಟ್ಟಿಸಿಕೊಂಡಿದ್ದೇನೆ. ಆವತ್ತು ರಾತ್ರಿ ಕೊನೇ ಬಸ್ಸಿನಲ್ಲಿ ಊರಿಗೆ ಹೋಗುವಾಗ ಮಾತ್ರ ಸಂಕಟವಾಯಿತು. ಈ 'ಪೋಲು' ಅನ್ನುವ ಮಾತನ್ನು ನಾನು ಚಿಕ್ಕಂದಿನಲ್ಲೇ ಕೇಳಿದ್ದೆ. ಆಗ ಅದು ನಮ್ಮ ಮೇಲೆಯೇ ಬಿದ್ದ ಮಾತಾಗಿತ್ತು.

ನಮ್ಮ ತಾತ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಮಡೆ ತೆಗೆಯಬೇಕು ಅಂತ ನೋಡುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಕಂಬಳಿ ಹೊದ್ದು ಕಾಯುವುದು, ಇಷ್ಟೂ ಅವನ ಕೆಲಸ. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದಲ್ಲಿ ಸಿಗುವ ಒಂದು ಮೊರ ಭತ್ತ, ಒಂದು ಹೊರೆ ಹುಲ್ಲು. ಇಡೀ ಊರಿನ ನೀರನ್ನು ಹಂಚುವವನು ಅವನು. ಊರ ಬಾವಿಗೆ ಹಗ್ಗ ಇಳಿಸುವ ಹಕ್ಕಿಲ್ಲದವನೂ ಅವನೇ. ಈ ವಿಚಿತ್ರವನ್ನು ನಮ್ಮ ವ್ಯವಸ್ಥೆ ಸಾವಿರ ವರ್ಷ ಸಲೀಸಾಗಿ ಅರಗಿಸಿಕೊಂಡಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಲ್ಲಿ ನೀರುಗಂಟಿಯ ಹುದ್ದೆ ಹೋಯಿತು. ಆಮೇಲೂ ತಾತ ಸಾಯುವವರೆಗೆ ತೂಬು ಎತ್ತುತ್ತಲೇ ಇದ್ದ. ಕಾಯಿದೆ ಅವನ ಹುದ್ದೆಯನ್ನಷ್ಟೇ ತೆಗೆಯಿತು, ಕೆಲಸವನ್ನು ತೆಗೆಯಲಿಲ್ಲ.

ನಮ್ಮ ಕೇರಿಯವರ ಗದ್ದೆ ಇದ್ದದ್ದು ಅಚ್ಚುಕಟ್ಟಿನ ಕಟ್ಟಕಡೆಗೆ. ಕಡೇಗದ್ದೆ ಅಂತಲೇ ಅದರ ಹೆಸರು. ನೀರು ತೂಬಿನಿಂದ ಹೊರಟು ಪಟೇಲರ ಗದ್ದೆ, ಶಾನುಭೋಗರ ಗದ್ದೆ, ಗೌಡರ ಗದ್ದೆ ದಾಟಿ, ಕಾಲುವೆಯಲ್ಲಿ ಅರ್ಧ ಇಂಗಿ, ನಮ್ಮ ಹತ್ತಿರ ಬರುವಷ್ಟರಲ್ಲಿ ಕಾಲ್ಬೆರಳು ನೆನೆಯುವಷ್ಟೂ ಇರುತ್ತಿರಲಿಲ್ಲ. ತಾತ ರಾತ್ರಿ ಹೊತ್ತು ಇನ್ನೊಂದು ಗಳಿಗೆ ಜಾಸ್ತಿ ತೂಬು ಬಿಟ್ಟರೆ ಬೆಳಿಗ್ಗೆ ಪಂಚಾಯಿತಿ. 'ಕಡೇಗದ್ದೆಗೆ ಬಿಟ್ಟ ನೀರು ಪೋಲು ಕಣ್ಲಾ, ನಿಂಗೇನು ಬುದ್ಧಿ ಕೆಟ್ಟೈತಾ?' ಅಂತ ಕೇಳುತ್ತಿದ್ದರು. ತಾತ ತಲೆ ಬಗ್ಗಿಸಿ 'ಆಯ್ತು ಬುದ್ಧಿ' ಅನ್ನುತ್ತಿದ್ದ. ಮಾರನೇ ವಾರ ಮತ್ತೆ ಅದೇ ತಪ್ಪು ಮಾಡುತ್ತಿದ್ದ.

ಒಂದು ವರ್ಷ ಕೆರೆ ಕೋಡಿ ಬಿತ್ತು. ನಾನು ಆಗ ಎರಡನೇ ಇಯತ್ತೆಯಲ್ಲಿದ್ದಿರಬೇಕು. ಕೋಡಿಯಲ್ಲಿ ಕೆಂಪು ನೀರು ಧುಮುಕುವುದನ್ನು ನೋಡಿ ಕೇಳಿದೆ: 'ತಾತ, ಇಷ್ಟೊಂದ್ ನೀರು ಸುಮ್ಕೆ ಓಯ್ತೈತಲ್ಲ?'

'ಸುಮ್ಕೆ ಎಲ್ಲಿ ಓಯ್ತೈತ್ಲಾ ಮಗ, ಕೆಳಗಿನ ಕೆರೆ ಬಾಯಿ ಬಿಟ್ಕಂಡು ಕಾಯ್ತಾ ಕುಂತೈತೆ.'

'ಅದ್ರ ಕೆಳಗೆ?'

'ಅದ್ರ ಕೆಳಗೆ ಇನ್ನೊಂದು.'

'ಎಲ್ಲಾದ್ಕಿಂತ ಕೆಳಗೆ?'

ತಾತ ನಕ್ಕ. 'ಅದ್ನ ನಾ ಕಂಡಿಲ್ಲ. ಇರ್ತೈತೆ, ಅದೂ ಒಂದು ಕೆರೆ.'

ಆ ಕೊನೇ ಕೆರೆಯನ್ನು ತಾತ ನೋಡದೆಯೇ ಸತ್ತ. ಹಾಗಂತ ಕಡಲು ನಮ್ಮ ಕೇರಿಗೆ ಅಪರಿಚಿತವಾಗಿರಲಿಲ್ಲ. ಗುಬ್ಬಿ ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ರಾಶಿ ಹಾಕಿದ ಒಣಮೀನು, ಸೀಗಡಿ, ಉಪ್ಪು, ಇವೇ ನಮ್ಮ ಕಡಲು. ಬಾಡು ತರಲು ದುಡ್ಡಿಲ್ಲದ ವಾರ ಮುದ್ದೆಗೆ ಒಣಸೀಗಡಿ ಗೊಜ್ಜು. ಪಡುವಣ ಕರಾವಳಿಯ ಯಾವುದೋ ಮರಳದಿಬ್ಬದ ಮೇಲೆ ಒಬ್ಬಳು ಒಣಗಿಸಿದ್ದನ್ನು ನಮ್ಮವ್ವ ಒಲೆಯ ಮೇಲೆ ಹುರಿಯುತ್ತಿದ್ದಳು. ಇವತ್ತಿಗೂ ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮ ಹುಡುಗರ ಜಾತಿಯನ್ನು ಮೊದಲು ಪತ್ತೆ ಹಚ್ಚುವುದು ಈ ಒಣಮೀನಿನ ವಾಸನೆಯೇ. ಕಡಲಿಗೂ ನಮಗೂ ನಂಟಿಲ್ಲ ಅನ್ನುವವರು ಈ ವಾಸನೆಗೆ ಮೂಗು ಮುಚ್ಚಿಕೊಂಡವರು.

ಈಗ ವಿಷಯಕ್ಕೆ ಬರೋಣ. ಎತ್ತಿನಹೊಳೆ ಯೋಜನೆ ನಿಮಗೆ ಗೊತ್ತಿರುವುದೇ. ಸಕಲೇಶಪುರದ ಘಟ್ಟದಲ್ಲಿ ಹುಟ್ಟಿ ನೇತ್ರಾವತಿಯ ಕಡೆಗೆ ಇಳಿಯುವ ಹಳ್ಳಗಳನ್ನು ಕಟ್ಟಿ, ನೀರನ್ನು ಪಂಪಿನಿಂದ ಮೇಲೆತ್ತಿ, ಹಾಸನ, ತುಮಕೂರು ಸೀಮೆ ಹಾಯಿಸಿ ಚಿಕ್ಕಬಳ್ಳಾಪುರ, ಕೋಲಾರಕ್ಕೆ ಒಯ್ಯುವ ಯೋಜನೆ. 2014ರಲ್ಲಿ ಶಂಕುಸ್ಥಾಪನೆ ಆಯಿತು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಪಂಪುಗಳು ಚಾಲೂ ಆದವು. ಕಾಗದದ ಮೇಲಿರುವ ಲೆಕ್ಕ 24.01 ಟಿ.ಎಂ.ಸಿ. ಅದರಲ್ಲಿ ಸುಮಾರು 14 ಟಿ.ಎಂ.ಸಿ. ಕುಡಿಯುವುದಕ್ಕೆ, ಉಳಿದದ್ದು ಕೆರೆ ತುಂಬಿಸುವುದಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಆ ಕಾಡಿನ ಮಳೆ, ಹರಿವು ಎಲ್ಲ ಅಳೆದು, ಆ ಹಳ್ಳಗಳಲ್ಲಿ ಹುಟ್ಟುವ ನೀರೇ ಹತ್ತು ಟಿ.ಎಂ.ಸಿ. ಮುಟ್ಟುವುದಿಲ್ಲ ಅಂದರು. ಸರ್ಕಾರದ ಇಂಜಿನಿಯರುಗಳು ಇದನ್ನು ಒಪ್ಪಲಿಲ್ಲ. ನೀರು ಎಷ್ಟಿದೆ ಅನ್ನುವ ಜಗಳವನ್ನು ಅವರೇ ಬಗೆಹರಿಸಿಕೊಳ್ಳಲಿ. ನನ್ನ ಪ್ರಶ್ನೆ ಬೇರೆ. ಕರಾವಳಿಯ ಮೀನುಗಾರರು 'ಆ ನೀರು ಪೋಲಲ್ಲ, ಅದು ನಮ್ಮ ಬದುಕು' ಅಂದಾಗ, ಈ ಕಡೆಯ ಬಾಯಾರಿದ ನಾವು ಏನು ಉತ್ತರ ಕೊಡಬೇಕು? ಇದು ಇಂಜಿನಿಯರಿಂಗ್ ಪ್ರಶ್ನೆ ಅಲ್ಲ, ನೀತಿಯ ಪ್ರಶ್ನೆ.

ಅವರ ಮಾತು ನಿಜವೇ ಅಂತ ಮೊದಲು ನೋಡಬೇಕು. ಬಡವರು ಹೇಳಿದರು ಅನ್ನುವ ಒಂದೇ ಕಾರಣಕ್ಕೆ ಯಾವ ಮಾತೂ ನಿಜವಾಗುವುದಿಲ್ಲ. ಇದನ್ನು ನಾವು ನಮಗೂ ಹೇಳಿಕೊಳ್ಳಬೇಕು.

ಹೊಳೆ ಕಡಲು ಸೇರುವ ಜಾಗಕ್ಕೆ ಆ ಕಡೆಯವರು ಅಳಿವೆ ಅನ್ನುತ್ತಾರೆ. ಅಲ್ಲಿ ದಿನಕ್ಕೆ ಎರಡು ಸಲ ಉಪ್ಪುನೀರು ಏರಿ ಬರುತ್ತದೆ, ಮೇಲಿನಿಂದ ಸಿಹಿನೀರು ಇಳಿದು ಬರುತ್ತದೆ. ಈ ಎರಡೂ ಕಲೆತ ಸಪ್ಪೆ ನೀರಿನಲ್ಲೇ ಅದೆಷ್ಟೋ ಮೀನು, ಸೀಗಡಿ, ಏಡಿಗಳ ಮರಿಗಳು ಬೆಳೆಯುವುದು. ಹೊಳೆ ಬರೀ ನೀರು ತರುವುದಿಲ್ಲ. ಘಟ್ಟದ ಕಲ್ಲು ಸವೆದ ಮರಳು, ಮೆಕ್ಕಲು, ಕೊಳೆತ ಎಲೆಯ ಸಾರ, ಸಿಲಿಕಾ ಎಲ್ಲವನ್ನೂ ತರುತ್ತದೆ. ಕಣ್ಣಿಗೆ ಕಾಣದ ಡಯಾಟಮ್ ಎಂಬ ಪಾಚಿಗೆ ಚಿಪ್ಪು ಕಟ್ಟಿಕೊಳ್ಳಲು ಈ ಸಿಲಿಕಾ ಬೇಕು. ಅದನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಹೊಳೆ ತಂದ ಮರಳು ದಂಡೆಯನ್ನು ತುಂಬಿಸುತ್ತದೆ. ಮರಳು ನಿಂತರೆ ಅಲೆ ದಂಡೆಯನ್ನೇ ತಿನ್ನಲು ಶುರು ಮಾಡುತ್ತದೆ.

ಈಜಿಪ್ಟಿನ ನೈಲ್ ನದಿಗೆ ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಲ್ಲಿಸಿದರು. ಅದಕ್ಕೆ ಮುಂಚೆ, 1962ರಲ್ಲಿ ನದೀಮುಖದ ಕಡಲಲ್ಲಿ 18,000 ಟನ್ ಬೂತಾಯಿ ಜಾತಿಯ ಮೀನು ಸಿಕ್ಕಿತ್ತು. ಅದೇ ದಶಕದ ಕೊನೆಗೆ ಅದು 600 ಟನ್ನಿನ ಆಸುಪಾಸಿಗೆ ಇಳಿಯಿತು. ಪ್ರತಿ ವರ್ಷದ ನೆರೆ ಹೊತ್ತು ತರುತ್ತಿದ್ದ ಮೆಕ್ಕಲು, ಸಾರ ನಿಂತುಹೋಗಿತ್ತು. ಆ ನೆರೆಯ ನೀರನ್ನೂ ಅಲ್ಲಿನ ಸರ್ಕಾರ ಪೋಲು ಅಂತಲೇ ಕರೆದಿತ್ತು. ಪಾಕಿಸ್ತಾನದಲ್ಲಿ ಸಿಂಧೂ ನದಿಗೆ ಮೇಲಿಂದ ಮೇಲೆ ಬ್ಯಾರೇಜು ಕಟ್ಟಿದ್ದರಿಂದ ನದೀಮುಖಜ ಭೂಮಿಗೆ ಕಡಲೇ ನುಗ್ಗಿ, ರೈತರೂ ಮೀನುಗಾರರೂ ಒಟ್ಟಿಗೆ ಗುಳೆ ಹೋದರು.

ನಮ್ಮಲ್ಲೇ ಇರುವ ಪಾಠ ಇನ್ನೂ ಸೂಕ್ಷ್ಮವಾದದ್ದು. ಉತ್ತರ ಕನ್ನಡದ ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಕುಮಟಾದ ಹತ್ತಿರ ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು, ಚಿಪ್ಪುಗಳನ್ನು ಆರಿಸುತ್ತಾರೆ. ಎರಡು ಸಾವಿರಕ್ಕೂ ಮೀರಿದ ಜನ ನೇರವಾಗಿ ಇದರಲ್ಲೇ ಬದುಕುತ್ತಾರೆ ಅಂತ ವಿಜ್ಞಾನ ಸಂಸ್ಥೆಯವರು ಅಲ್ಲೇ ಕೂತು ಲೆಕ್ಕ ಹಾಕಿದರು. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದೂ ಅಲ್ಲಿಯ ಗಜನಿ ಭೂಮಿಯಲ್ಲೇ. 2024ರಲ್ಲಿ ಈ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿತು. ಅದರ ಪಕ್ಕದ್ದೇ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಆಯಿತು. ವಿದ್ಯುತ್ತಿಗಾಗಿ ವರ್ಷವಿಡೀ, ಬೇಸಿಗೆಯಲ್ಲೂ ಸಿಹಿನೀರು ಬಿಡುತ್ತ ಬಂದರು. ಹೊನ್ನಾವರದ ಅಳಿವೆಯಲ್ಲಿ ಉಪ್ಪು ಕಮ್ಮಿಯಾಗಿ ಬಳಚು, ಚಿಪ್ಪುಗಳು ಸೊರಗಿದವು. ನೋಡಿ, ನೀರು ಕಮ್ಮಿಯಾದರೂ ಸಾವು, ಹೊತ್ತಲ್ಲದ ಹೊತ್ತಿನಲ್ಲಿ ಜಾಸ್ತಿಯಾದರೂ ಸಾವು. ಯಾವ ತಿಂಗಳು ಎಷ್ಟು ಬರಬೇಕೋ ಅಷ್ಟು ಬಂದರೆ ಬದುಕು. ಇದನ್ನು ಓದಿದಾಗ ನನಗೆ ತಾತನ ತೂಬು ನೆನಪಾಯಿತು. ಪೈರು ಹೊಡೆ ತುಂಬುವಾಗ ಕೊಡದ ನೀರನ್ನು ಕೊಯ್ಲಿಗೆ ಬಂದಾಗ ಕೊಟ್ಟರೆ ಏನು ಪುಣ್ಯ?

ಶರಾವತಿಯ ಆ ಕರೆಂಟು ಬಂದದ್ದು ಬೆಂಗಳೂರಿಗೆ, ನಮ್ಮ ತುಮಕೂರಿಗೆ. ಬೀದಿದೀಪದ ಕೆಳಗೆ ಕೂತು ಓದಿದ ನನ್ನಂಥವರ ಅಕ್ಷರದಲ್ಲಿ ಹೊನ್ನಾವರದ ಬಳಚು ಆರಿಸುವವಳ ಪಾಲೂ ಇದೆ. ಇದನ್ನು ಯಾವ ಮೇಷ್ಟರೂ ನನಗೆ ಹೇಳಿಕೊಡಲಿಲ್ಲ.

ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ಎತ್ತಿನಹೊಳೆಯ ನೀರು ನಿಂತರೆ ಅರಬ್ಬಿ ಸಮುದ್ರವೇ ಬರಿದಾಗುತ್ತದೆ ಅನ್ನುವ ಭಾಷಣವೂ ಸುಳ್ಳೇ. ನೇತ್ರಾವತಿ ವರ್ಷಕ್ಕೆ ನೂರಾರು ಟಿ.ಎಂ.ಸಿ. ಹೊತ್ತೊಯ್ಯುತ್ತದೆ. ನಮ್ಮ ಪಡುಗಡಲಿನ ಮೀನಿಗೆ ಮುಖ್ಯ ಆಹಾರ ಮಳೆಗಾಲದಲ್ಲಿ ಕಡಲಿನ ತಳದಿಂದಲೇ ಮೇಲೇಳುವ ತಣ್ಣೀರಿನಿಂದ ಬರುತ್ತದೆ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕೆಳಗಿಳಿಯಿತು. ಅದಕ್ಕೆ ಹೊಳೆಯೇ ಕಾರಣ ಅಂತ ವಿಜ್ಞಾನಿಗಳು ಹೇಳಲಿಲ್ಲ. ಕಾದ ಕಡಲು, ಮರಿಯನ್ನೂ ಬಿಡದ ಬಲೆ, ಇವನ್ನು ಹೇಳಿದರು. ಹೊಳೆಯ ನೀರಿನ ಮೇಲೆ ನೇರವಾಗಿ ನಿಂತಿರುವುದು ಅಳಿವೆ, ಅಳಿವೆಯ ಬಡವರು. ನಾಡದೋಣಿಯವನು, ಕೈಬಲೆಯವನು, ಮರುವಾಯಿ ಹೆಕ್ಕುವವಳು. ದೊಡ್ಡ ಟ್ರಾಲರಿನ ಸಾಹುಕಾರ ಇನ್ನೂರು ಮೈಲಿ ಆಚೆ ಹೋಗಿ ಹಿಡಿದು ತರುತ್ತಾನೆ. ಮೇಲ್ಗದ್ದೆ, ಕಡೇಗದ್ದೆ ಅನ್ನುವುದು ಕಡಲಿನಲ್ಲೂ ಇದೆ.

ಕರಾವಳಿಯಲ್ಲಿ ಈ ವಾದವನ್ನು ಯಾರು ಯಾರು ಎತ್ತಿಕೊಂಡರು ಅನ್ನುವುದನ್ನೂ ಗಮನಿಸಬೇಕು. ಅದೇ ನೇತ್ರಾವತಿಯಿಂದ ಕೈಗಾರಿಕೆಗೆ ನೀರೆತ್ತುವವರ ಬಗ್ಗೆ ಬಾಯಿ ಬಿಡದವರು ಘಟ್ಟದ ಮೇಲಿನ ನಮ್ಮನ್ನು ನೀರುಗಳ್ಳರು ಅಂದರು. ಅಜಲು ಎಂಬ ಅಮಾನವೀಯ ಪದ್ಧತಿಯನ್ನು ನಿಷೇಧಿಸುವುದಕ್ಕೆ 2000ನೇ ಇಸವಿಯಲ್ಲಿ ಕಾಯಿದೆಯನ್ನೇ ಮಾಡಬೇಕಾಗಿ ಬಂದ ನಾಡು ಅದು. ಕೊರಗರ ಕೇರಿಗೆ ನಲ್ಲಿ ಹಾಕಿಸಿ ಅಂತ ಬಂದ್ ಆಚರಿಸಿದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಓದಿಕೊಂಡು ಒಂದು ಸಲ ಗೆಳತಿಯೊಬ್ಬರ ಹತ್ತಿರ ದೊಡ್ಡ ಮಾತಾಡಿದೆ. ಅವರು ಪಾವಗಡದ ಕಡೆಯವರು, ಕುಣಿಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೇಡಂ. ಪೂರ್ತಿ ಕೇಳಿಸಿಕೊಂಡು ಹೇಳಿದರು: 'ಸಾರ್, ನಮ್ಮವ್ವನ ಬೆನ್ನು ಬಗ್ಗಿದ್ದು ವಯಸ್ಸಿಗಲ್ಲ, ಫ್ಲೋರೈಡ್ ನೀರಿಗೆ. ನಲವತ್ತಕ್ಕೇ ಮಂಡಿ ಮಡಚಕ್ಕಾಗ್ತಿರಲಿಲ್ಲ. ಮೀನಿಗೆ ನೀರು ಬೇಕಂತೆ, ನೀನು ಇನ್ನೊಂದಷ್ಟು ವರ್ಷ ಇದನ್ನೇ ಕುಡಿ ಅಂತ ಅವಳ ಮುಂದೆ ನಿಂತು ಹೇಳ್ತಿದ್ರಾ ನೀವು?'

ನಾನು ಹೇಳುತ್ತಿರಲಿಲ್ಲ. ಹೇಳುವ ಧೈರ್ಯ ಯಾರಿಗಿದೆ? ಕುಡಿಯುವ ನೀರಿಗೆ ಎದುರು ಯಾವ ಮೀನಿನ ವಾದವೂ ನಿಲ್ಲುವುದಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರೆತ್ತಿದಾಗ ಸಾರಿದ್ದು ಇದನ್ನೇ. ಮನುಷ್ಯನ ಬೊಗಸೆಗೆ ಅಡ್ಡ ಬರುವ ಯಾವುದೂ ಧರ್ಮವಲ್ಲ. ಆದ್ದರಿಂದ ಮೇಡಂ ಕೇಳಿದ್ದಕ್ಕೆ ನಾನು ತಲೆ ತಗ್ಗಿಸಿದೆ.

ಆದರೆ ಮನೆಗೆ ಬಂದು ಒಂದು ಲೆಕ್ಕ ಹಾಕಿದೆ. ಗೆಳೆಯರೂ ಹಾಕಿ ನೋಡಬೇಕು, ಐದನೇ ಕ್ಲಾಸಿನ ಗುಣಾಕಾರ ಸಾಕು. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನ ಸುಮಾರು 26 ಲಕ್ಷ 79 ಸಾವಿರ. 2019ರ ಜಲಜೀವನ್ ಮಿಷನ್ ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಗೊತ್ತು ಮಾಡಿದೆ. ಅಷ್ಟೂ ಜನಕ್ಕೆ, ಇಡೀ ವರ್ಷಕ್ಕೆ ಎಷ್ಟಾಯಿತು? ಎರಡು ಟಿ.ಎಂ.ಸಿ.ಗೂ ಕಮ್ಮಿ. ಹಳ್ಳಿ, ಪೇಟೆ ಅನ್ನದೆ ಎಲ್ಲರಿಗೂ ನಗರದವರ ಲೆಕ್ಕದಲ್ಲಿ 135 ಲೀಟರ್ ಕೊಟ್ಟರೂ ಐದು ಟಿ.ಎಂ.ಸಿ. ಮುಟ್ಟುವುದಿಲ್ಲ. ಹೇಮಾವತಿ ನಾಲೆ ನಮ್ಮ ಜಿಲ್ಲೆಗೆ ಬಂದು ದಶಕಗಳೇ ಆದವು. ನಾಲೆಯಲ್ಲಿ ಹರಿದದ್ದು ಇದರ ಎಷ್ಟು ಪಟ್ಟು? ಹಾಗಾದರೆ ಮೇಡಂ ಅವರ ತಾಯಿಯ ಬೆನ್ನು ಬಗ್ಗಿದ್ದು ನೀರಿಲ್ಲದ್ದಕ್ಕೋ, ನೀರು ಅವರ ಕೇರಿಗೆ ಬಾರದ್ದಕ್ಕೋ?

ಇಲ್ಲೇ ಇರುವುದು ಮೋಸ. ನೀರು ಕೇಳುವಾಗ ನಮ್ಮ ಹೆಂಗಸರ ಖಾಲಿ ಕೊಡ ಮೆರವಣಿಗೆಯ ಮುಂದೆ. ನೀರು ಬಂದ ಮೇಲೆ ಅಡಿಕೆ, ತೆಂಗಿನ ತೋಟ, ಕಾರ್ಖಾನೆಯ ಶೆಡ್ಡು ಮುಂದೆ, ಕೊಡ ಹಿಂದೆ. ನಮ್ಮ ಬಾಯಾರಿಕೆಯನ್ನು ಅಡವಿಟ್ಟು ಬೇರೆಯವರು ಸಾಲ ಎತ್ತುತ್ತಿದ್ದಾರೆ. ಆ ಸಾಲವನ್ನು ತೀರಿಸಬೇಕಾದವನು ಬೆಂಗ್ರೆಯ ಮೀನುಗಾರ. ಅಡಿಕೆ ತೋಟದಲ್ಲಿ ಕೂಲಿ ಸಿಗುವುದು ನಮ್ಮವರಿಗೇ ಅಲ್ಲವೇ ಅಂತ ಕೇಳುವವರಿದ್ದಾರೆ. ನಿಜ, ಸುಲಿತದ ಕಾಲದಲ್ಲಿ ನಮ್ಮ ಕೇರಿಯ ಅರ್ಧ ಜನ ಅಲ್ಲೇ ಇರುತ್ತಾರೆ. ಈ ಪ್ರಶ್ನೆಗೆ ನನ್ನಲ್ಲಿ ಸಲೀಸಾದ ಉತ್ತರವಿಲ್ಲ. ಕೂಲಿ ಸಿಗುತ್ತದೆ ಅನ್ನುವ ಕಾರಣಕ್ಕೆ ಪಟೇಲರ ಗದ್ದೆಗೆ ಮೊದಲು ನೀರು ಬಿಡುವುದು ನ್ಯಾಯವೇ ಆಗಿದ್ದರೆ, ತಾತ ರಾತ್ರಿ ಕದ್ದು ತೂಬು ಎತ್ತಿದ್ದು ತಪ್ಪಾಗಿತ್ತು ಅನ್ನಬೇಕಾಗುತ್ತದೆ. ಅದನ್ನು ಮಾತ್ರ ನಾನು ಅನ್ನಲಾರೆ.

ಇದೇ ನಾಟಕ ಈಗ ನಮ್ಮ ಜಿಲ್ಲೆಯ ಒಳಗೇ ನಡೆಯುತ್ತಿದೆ. ಹೇಮಾವತಿಯ ನೀರು ಕಡೆಯಲ್ಲಿರುವ ಕುಣಿಗಲ್ಲಿಗೆ ತಲುಪುವುದಿಲ್ಲ ಅಂತ ಗುಬ್ಬಿ ಸೀಮೆಯಿಂದಲೇ ನೇರವಾಗಿ ಲಿಂಕ್ ಕಾಲುವೆ ತೆಗೆದು ಕುಣಿಗಲ್, ಮಾಗಡಿ ಕಡೆಗೆ ಒಯ್ಯಲು ಹೊರಟರು. 2024, 2025ರಲ್ಲಿ ಗುಬ್ಬಿಯ ಕಡೆ ಜನ ದಂಗೆ ಎದ್ದರು, ಕಾಮಗಾರಿ ತಡೆದರು. ಗುಬ್ಬಿಯವರಿಗೆ ಕುಣಿಗಲ್ಲಿಗೆ ಹೋಗುವ ನೀರು ಕಳವು. ಕುಣಿಗಲ್ಲಿನವರಿಗೆ ಗುಬ್ಬಿಯಲ್ಲಿ ನಿಂತ ನೀರು ಕಳವು. ಕಾಲುವೆ ಮಾಗಡಿಗೂ ಹೋಗುತ್ತದೆ ಅನ್ನುವಲ್ಲಿ ದೊಡ್ಡವರ ರಾಜಕೀಯ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕುಣಿಗಲ್ ದೊಡ್ಡಕೆರೆಯನ್ನು ಹಾಡಿ ಹೊಗಳುವ ನಾವೇ, ಅದಕ್ಕೆ ನೀರು ಬರಬೇಕಾದರೆ ಮೇಲಿನವನು ಬಿಡಬೇಕು ಅನ್ನುವುದನ್ನು ಮರೆತಿದ್ದೇವೆ. ಕುಣಿಗಲ್ಲಿಗೆ ಬಿಡಲೊಲ್ಲದವನು ಕಡಲಿಗೆ ಬಿಡುತ್ತಾನೆಯೇ? ನೇತ್ರಾವತಿಯ ವಿಷಯದಲ್ಲಿ ಕುಣಿಗಲ್ಲಿನವನು ಮೇಲ್ಗದ್ದೆಯವನ ಭಾಷೆ ಆಡುತ್ತಾನೆ, ಹೇಮಾವತಿಯ ವಿಷಯದಲ್ಲಿ ಕಡೇಗದ್ದೆಯವನ ಕಣ್ಣೀರು ಹಾಕುತ್ತಾನೆ. ನಾನೂ ಹಾಗೇ ಮಾಡಿದೆ.

ಇನ್ನು ವಿಶ್ವವಿದ್ಯಾನಿಲಯಗಳ ಮಾತು. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾಯಿತು. ಕೊಣಾಜೆಯಲ್ಲಿ ಸಾಗರ ಭೂವಿಜ್ಞಾನ ಇದೆ, ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರದ ವಿಭಾಗ ಕೆಲಸ ಮಾಡಿದೆ. ಈ ವಿಜ್ಞಾನದ ಒಳ್ಳೆಯದನ್ನು ಮೇಲೆಯೇ ಹೇಳಿದ್ದೇನೆ, ಅದಿಲ್ಲದಿದ್ದರೆ ಈ ಲೇಖನವೇ ಇಲ್ಲ. ಆದರೆ ಅದರ ಹಳೇ ಚರಿತ್ರೆಯನ್ನೂ ಮರೆಯಬಾರದು. 1970ರ ದಶಕದಲ್ಲಿ ವಿಜ್ಞಾನದ ಘೋಷಣೆ 'ಹೆಚ್ಚು ಹಿಡಿ' ಎಂದಿತ್ತು. ಆವರೆಗೆ ನಮ್ಮ ಕರಾವಳಿಯಲ್ಲಿ ರಂಪಣಿ ಇತ್ತು. ಊರಿನ ಹತ್ತಾರು ಜನ ಸೇರಿ ದಂಡೆಯಿಂದ ಎಳೆಯುವ ಭಾರೀ ಬಲೆ, ಹಗ್ಗಕ್ಕೆ ಕೈಹಚ್ಚಿದವನಿಗೆಲ್ಲ ಪಾಲು. ಆ ದಶಕದ ನಡುವಿಗೆ ಪರ್ಸೀನ್ ಬೋಟುಗಳು ಬಂದು ಬಂಗುಡೆ, ಬೂತಾಯಿಯ ಹಿಂಡನ್ನು ದಂಡೆಗೆ ಬರುವ ಮೊದಲೇ ಸುತ್ತಿ ಎತ್ತಿದವು. ರಂಪಣಿಯವರು ಬೀದಿಗಿಳಿದು ಕಾದಾಡಿದರು, ಸೋತರು. ಉತ್ಪಾದನೆ ಏರಿದ ಅಂಕಿ ಪುಸ್ತಕದಲ್ಲಿ ದಾಖಲಾಯಿತು. ಈಗ ಅದೇ ವಿಜ್ಞಾನ 'ಮಿತವಾಗಿ ಹಿಡಿ, ಕಡಲನ್ನು ಉಳಿಸು' ಅನ್ನುತ್ತಿದೆ. ತಪ್ಪು ತಿದ್ದಿಕೊಂಡದ್ದು ಸಂತೋಷ. ಆದರೆ ಹಿಡಿ ಅಂದಾಗ ಲಾಭ ಮಾಡಿಕೊಂಡವನು ಒಬ್ಬ, ಉಳಿಸು ಅಂದಾಗ ಹಸಿದಿರಬೇಕಾದವನು ಇನ್ನೊಬ್ಬ. 'ಸಂರಕ್ಷಣೆ' ಎಂಬ ಪದ ಕೇಳಿದ ಕೂಡಲೇ ಗುಡಿಸಿಲಿನವನಿಗೆ ಎದೆ ಝಲ್ಲೆನ್ನುವುದು ಇದಕ್ಕೇ. ಹೊನ್ನಾವರದ ಕಾಸರಕೋಡಿನಲ್ಲಿ ಒಂದು ಕಡೆ 2020ರಲ್ಲಿ ನೀಲಿ ಬಾವುಟದ ಮರ್ಯಾದೆ ಪಡೆದ ಬೀಚು, ಇನ್ನೊಂದು ಕಡೆ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಅದೇ ಊರಿನ ಮೀನುಗಾರರ ಹೋರಾಟ.

ನಮ್ಮ ಕೇರಿಯ ಹುಡುಗಿಯೊಬ್ಬಳು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದಳು. ಎಲ್ಲಿ ಅಂತ ಬೇಡ. ಅಳಿವೆಯ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಅಂತ ಮೇಷ್ಟ್ರನ್ನು ಕೇಳಿದಳಂತೆ. 'ಕಡಲು ನಿಮಗ್ಯಾಕಮ್ಮ, ನಿಮ್ಮ ಕಡೆಯದೇ ಏನಾದ್ರೂ ಮಾಡಿ, ಚರಂಡಿ ನೀರು ಮಾಡಿ' ಅಂದರಂತೆ. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲವೇನೋ. ಆದರೂ ಅಷ್ಟು ಜನ ವಿದ್ಯಾರ್ಥಿಗಳಲ್ಲಿ ಚರಂಡಿ ಸರಿಯಾಗಿ ಇವಳ ಪಾಲಿಗೇ ಬಂತು. ಅವಳು ಮಾಡಿದಳು. ತುಮಕೂರಿನ ಕೊಳಚೆ ಭೀಮಸಂದ್ರದ ಕಡೆ ಇಳಿಯುತ್ತದಲ್ಲ, ಆ ದಾರಿಯಲ್ಲಿ ಬಾಟಲಿ ಹಿಡಿದು ನಡೆದಳು. ಬಂದು ಹೇಳಿದಳು: 'ಅಣ್ಣ, ಎಲ್ಲಾ ಕಟ್ಕಂಡು ಹಿಂದೆ ನಿಂತಿದ್ದನ್ನ ಬಿಡಿಸೋನು ನಮ್ಮೋನೇ. ಅವನು ಇಳೀಲಿಲ್ಲ ಅಂದ್ರೆ ಒಂದು ಹನಿ ಶುದ್ಧೀಕರಣನೂ ಆಗಲ್ಲ. ಆದ್ರೆ ನನ್ನ ಥೀಸಿಸ್‌ನಲ್ಲಿ ಅವನ ಬಗ್ಗೆ ಬರಿಯೋಕೆ ಕಾಲಮ್ಮೇ ಇಲ್ಲ.'

ಮಲ ಎತ್ತಿಸುವುದನ್ನು 1993ರಲ್ಲಿ, ಮತ್ತೆ 2013ರಲ್ಲಿ ಕಾಯಿದೆ ನಿಷೇಧಿಸಿತು. 2010ರಲ್ಲಿ ಸವಣೂರಿನ ಭಂಗಿ ಬಂಧುಗಳು ಮೈಗೆ ಮಲ ಬಳಿದುಕೊಂಡು ಬೀದಿಯಲ್ಲಿ ನಿಂತರು. ಹೊಳೆ, ಕೆರೆ, ಕಡಲುಗಳ ಆರೋಗ್ಯ ಅಂತ ಸೆಮಿನಾರು ನಡೆಯುತ್ತದೆ. ಆ ಆರೋಗ್ಯವನ್ನು ತನ್ನ ಉಸಿರು ಕಟ್ಟಿ ಕಾಯುವವನು ಮ್ಯಾನ್‌ಹೋಲಿನ ಒಳಗಿದ್ದಾನೆ. ಸಂಶೋಧನೆಯಲ್ಲಿ ಬಳಚು ಆರಿಸುವವಳು 'ಮಾಹಿತಿದಾರಳು', ನೀರುಗಂಟಿ 'ಸ್ಥಳೀಯ ಸಂಪನ್ಮೂಲ ವ್ಯಕ್ತಿ'. ಡಾಕ್ಟರೇಟು ಇನ್ನೊಬ್ಬರಿಗೆ. ಜ್ಞಾನ ಅವಳದ್ದೂ ಹೌದು ಅಂತ ಒಪ್ಪಿಕೊಂಡರೆ ಏನಾಗುತ್ತದೆ? ಆಗ ಹೊಳೆಗೆ ಎಷ್ಟು ನೀರು ಬಿಡಬೇಕು ಅಂತ ತೀರ್ಮಾನಿಸುವ ಮೇಜಿನ ಸುತ್ತ ಅವಳಿಗೂ ಒಂದು ಕುರ್ಚಿ ಹಾಕಬೇಕಾಗುತ್ತದೆ. ಅದಕ್ಕೇ ಒಪ್ಪುವುದಿಲ್ಲ.

ಆ ಹುಡುಗಿ ಮತ್ತು ಇನ್ನು ನಾಲ್ಕು ಜನರನ್ನು ಕಟ್ಟಿಕೊಂಡು ಒಂದು ಸಲ ಮಂಗಳೂರಿಗೆ ಹೋದೆ. ಬಂದರಿನಿಂದ ದೋಣಿ ದಾಟಿದರೆ ಬೆಂಗ್ರೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಮರಳಿನ ನಾಲಿಗೆ. ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಯಾವ ಊರು ಅಂತ ಕೇಳಿದಳು. ತುಮಕೂರು ಅಂದೆವು.

'ನಮ್ಮ ನೀರು ತಗೊಂಡು ಹೋಗುವವರು ನೀವೇಯಾ?' ಅಂದಳು. ನಗುತ್ತಲೇ ಅಂದಳು.

ಏನು ಹೇಳಬೇಕು ಅಂತ ತಿಳಿಯದೆ ನಿಂತೆವು. ಅವಳೇ ಮತ್ತೆ ಕೇಳಿದಳು. 'ನಿಮ್ಮಲ್ಲಿ ಹೊಳೆ ಇಲ್ವಾ ಮಾರಾಯ್ರೆ? ಅದು ಎಲ್ಲಿಗೆ ಹೋಗ್ತದೆ?'

ದೇವರಾಯನದುರ್ಗದಲ್ಲಿ ಎರಡು ಹೊಳೆ ಹುಟ್ಟುತ್ತವೆ ಅಂತ ಹುಡುಗಿ ಹೇಳಿದಳು. ಶಿಂಷಾ ತೆಂಕಣಕ್ಕೆ ತಿರುಗಿ ಗುಬ್ಬಿಯ ಕಡಬದ ಕೆರೆ, ಕುಣಿಗಲ್ಲಿನ ಮಾರ್ಕೋನಹಳ್ಳಿ ಅಣೆಕಟ್ಟು ದಾಟಿ ಕಾವೇರಿ ಸೇರುತ್ತದೆ. ಜಯಮಂಗಲಿ ಬಡಗಣಕ್ಕೆ ಹೋಗಿ ಪಿನಾಕಿನಿ ಸೇರುತ್ತದೆ. ಎರಡೂ ಹೋಗುವುದು ಮೂಡಣ ಕಡಲಿಗೆ. 'ಹೋಗಿ ಸೇರ್ತದಾ?' ಅಂದಳು ಆ ಹೆಂಗಸು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬೇಸಿಗೇಲಿ ನಮ್ ತಾಲ್ಲೂಕೇ ದಾಟಲ್ಲ' ಅಂದಳು. 2016ರಲ್ಲಿ, 2019ರಲ್ಲಿ ಇಷ್ಟು ಮಳೆ ಬೀಳುವ ಮಂಗಳೂರಿಗೇ ಬೇಸಿಗೆಯಲ್ಲಿ ಕುಡಿಯುವ ನೀರು ಸಾಲಲಿಲ್ಲ, ತಮಗೂ ಟ್ಯಾಂಕರ್ ಕಾಯುವುದು ಗೊತ್ತು ಅಂತ ಅವಳು ಹೇಳಿದಳು. ನಾವು ಎರಡು ಕೆ.ಜಿ. ಒಣಮೀನು ಕೊಂಡೆವು. ದುಡ್ಡಿನಲ್ಲಿ ಒಂದು ರೂಪಾಯಿ ಬಿಡಲಿಲ್ಲ.

ಹಾಗಾದರೆ ನೀರು ಕೇಳಬಾರದೇ? ಕೇಳಬೇಕು. ಆದರೆ ಇನ್ನೊಬ್ಬ ಬಡವನ ಪಾಲನ್ನು ಪೋಲು ಅಂತ ಕರೆದು ಕೇಳಬಾರದು. ಕೊಡಿ ಅನ್ನುವ ಮೊದಲು ನಮ್ಮ ಲೆಕ್ಕ ತೆಗೆದು ಇಡಬೇಕು. ಹೇಮಾವತಿಯ ನೀರು ಯಾರ ತೋಟಕ್ಕೆ ಎಷ್ಟು ಹೋಯಿತು? ರಾಜಕಾಲುವೆ ನುಂಗಿ ಯಾರ ಲೇಔಟು ಎದ್ದಿತು? ಕೆರೆಯ ಹೂಳು ಯಾಕೆ ಎತ್ತಲಿಲ್ಲ? ಕೇರಿಯ ನಲ್ಲಿಗೆ ನೀರು ಬಂತೇ? ಈ ಲೆಕ್ಕ ಒಪ್ಪಿಸಿದ ಮೇಲೂ ಕುಡಿಯುವುದಕ್ಕೆ ಕಮ್ಮಿ ಬಿದ್ದರೆ ಬೆಂಗ್ರೆಯವರ ಮುಂದೆ ನಿಂತು ಕೇಳಬೇಕು. ಎಷ್ಟು ಬೇಕು, ಯಾವ ತಿಂಗಳು ಬೇಕು ಅಂತ ಹೇಳಿ, ಅವರೂ ಕೂತ ಪಂಚಾಯಿತಿಯಲ್ಲಿ ಕೇಳಬೇಕು. ನೀರುಗಂಟಿ ಮಾಡುತ್ತಿದ್ದುದು ಇದನ್ನೇ. ವಿಶ್ವವಿದ್ಯಾನಿಲಯದ ಅಳತೆಗೋಲು ಆ ಪಂಚಾಯಿತಿಯಲ್ಲಿ ಸಾಕ್ಷಿ ಹೇಳಲಿ, ತೀರ್ಪು ಕೊಡುವುದು ಬೇಡ.

ಹೋದ ತಿಂಗಳು ಗುಬ್ಬಿಯ ಹತ್ತಿರದ ಒಂದು ಹಳ್ಳಿಯಲ್ಲಿ ಲಿಂಕ್ ಕಾಲುವೆಯ ವಿರುದ್ಧ ಸಭೆ ಇತ್ತು. ನಮ್ಮ ಹುಡುಗರು ಕರೆದಿದ್ದರು. ಮೈಕಿನಲ್ಲಿ ಇಷ್ಟನ್ನೂ ಹೇಳಿದೆ. ಕುಣಿಗಲ್ಲಿನವರೂ ನಮ್ಮವರೇ, ಕಡಲಿನ ಹತ್ತಿರದವರೂ ನಮ್ಮವರೇ ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಭೆ ಮುಗಿದ ಮೇಲೆ ನಮ್ಮ ಕೇರಿಯ ಮುದುಕ ಒಬ್ಬ ಹತ್ತಿರ ಬಂದು, 'ಅಲ್ಲ ಕಣಪ್ಪಾ, ಅಂಗಾರೆ ನಮ್ಗೆ ನೀರು ಬ್ಯಾಡ ಅಂತೀಯಾ?' ಅಂದ. ಬೇಕು ದೊಡ್ಡಪ್ಪ ಅಂದೆ. 'ಮತ್ತೆ ಬುಡಾದ್ ಯಾರು?' ಅಂದ. ಅರಳೀಕಟ್ಟೆಯ ಮೇಲೆ ಕೂತು ಮಾತಾಡುತ್ತ ಮಾತಾಡುತ್ತ ತುಮಕೂರಿನ ಬಸ್ಸು ಹೊರಟುಹೋಯಿತು. ರಾತ್ರಿ ಅವನ ಮನೆಯಲ್ಲೇ ಉಂಡೆ, ಅಲ್ಲೂ ಅದೇ ಜಗಳ.